ಶಿರಸಿಯಿಂದ ಸಾಮಾನು ತಂದೆ, ಮಳೆಗಾಲದ ಲೆಕ್ಕ ತರಲಿಲ್ಲ

ಮನೆಯವರಿಗೆ ಕಾರವಾರಕ್ಕೆ ವರ್ಗ ಆಯಿತು. ಕೋಡಿಬಾಗದ ಕಡೆ ಎರಡನೇ ಮಹಡಿಯಲ್ಲಿ ಒಂದು ಫ್ಲಾಟ್ ತಗೊಂಡೆವು. ಎರಡು ಬೆಡ್‌ರೂಮು, ಪಶ್ಚಿಮಕ್ಕೆ ಒಂದು ಬಾಲ್ಕನಿ. ನೋಡಲು ಹೋಗಿದ್ದು ಮಾರ್ಚ್‌ನಲ್ಲಿ. ಶಿರಸಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಹಗಲು ಹೊತ್ತಿಗೂ ಒಳಗೆ ದೀಪ ಬೇಕಿತ್ತು, ಹಾಗಾಗಿ ಇಲ್ಲಿನ ಬೆಳಕು, ಗಾಳಿ ನೋಡಿ ನಾನು ಆವತ್ತೇ ಮರುಳಾದೆ. ಮಾರ್ಚ್‌ನಲ್ಲಿ ಕರಾವಳಿಯ ಯಾವ ಮನೆಯೂ ಚಂದವೇ ಕಾಣುತ್ತದೆ ಅಂತ ಆಗ ಯಾರೂ ಹೇಳಲಿಲ್ಲ.

ಪ್ಲಾನ್ ಮಾತ್ರ ಜೋರಾಗಿಯೇ ಮಾಡಿದ್ದೆ. ಖಾಲಿ ಮನೆಗೆ ಟೇಪು, ಸೀಮೆಸುಣ್ಣ ಹಿಡ್ಕೊಂಡು ಹೋಗಿ ನೆಲದ ಮೇಲೇ ಸಾಮಾನು ಬರೆದೆ. ಸೋಫಾ ಇಷ್ಟು, ಮಂಚ ಇಷ್ಟು, ಕಪಾಟಿನ ಬಾಗಿಲು ತೆರೆದರೆ ಎಲ್ಲಿಗೆ ಬರುತ್ತದೆ ಅಂತ ಅರ್ಧ ಸುತ್ತಿನ ಗೆರೆ ಬೇರೆ. ಅತ್ತೆ ನೋಡಿ, "ಎಂತದೇ ಇದು, ರಂಗೋಲಿನಾ?" ಅಂದರು. ನಗಲಿ ಬಿಡಿ, ಈ ಕೆಲಸ ಮಾತ್ರ ಎಲ್ಲರೂ ಮಾಡಬೇಕು. ಕಾಗದದ ಮೇಲೆ ಸರಿ ಕಂಡಿದ್ದ ಡೈನಿಂಗ್ ಟೇಬಲ್ಲು ನೆಲದ ಮೇಲೆ ಬರೆದಾಗ ಅಡುಗೆಮನೆಗೆ ಹೋಗುವ ದಾರಿಯನ್ನೇ ತಿಂದಿತ್ತು. ಆರು ಕುರ್ಚಿಯದ್ದು ಬೇಡ ಅಂತ ನಾಲ್ಕಕ್ಕೆ ಇಳಿದೆ. ಓಡಾಡಲು ಎರಡೂವರೆ ಅಡಿ ಬಿಟ್ಟುಕೊಂಡೆ.

ಅಷ್ಟೆಲ್ಲ ಅಳೆದವಳು ಮೆಟ್ಟಿಲು ಅಳೆಯಲಿಲ್ಲ! ಮಾವನವರ ಹಲಸಿನ ಮರದ ಮಂಚ ದೇವಿಮನೆ ಘಾಟಿ ಇಳಿದು, ಕುಮಟಾ ಅಂಕೋಲಾ ದಾಟಿ ಸುರಕ್ಷಿತವಾಗಿ ಬಂತು. ಬಂದು ಮೊದಲನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಕೊನೆಗೆ ಆಚಾರಿಯನ್ನು ಕರೆಸಿ, ಗೂಟ ಬಿಡಿಸಿ, ತುಂಡು ತುಂಡಾಗಿ ಹತ್ತಿಸಿದೆವು. ಬಾಗಿಲು ಅಳೆದರೆ ಸಾಲದು, ತಿರುವನ್ನೂ ಅಳೆಯಿರಿ.

ಹಾಲು ಉಕ್ಕಿಸಿ ಒಳಗೆ ಬಂದಮೇಲೆ ಅಲಂಕಾರದ ಹುಚ್ಚು ಶುರುವಾಯಿತು. ಬೆಡ್‌ರೂಮಿನ ಪಶ್ಚಿಮದ ಗೋಡೆಗೆ ಎಲೆ ಎಲೆ ಚಿತ್ರದ ವಾಲ್‌ಪೇಪರ್ ಅಂಟಿಸಿದೆ. ಅಂಗಡಿಯವನು "ಏನೂ ಆಗಲ್ಲ ಮೇಡಂ" ಅಂದಿದ್ದ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಸಮುದ್ರದ ಕಡೆಯಿಂದ ಗಾಳಿ ಸಮೇತ ಬಂದು ಗೋಡೆಗೇ ಹೊಡೆಯುತ್ತದೆ. ಜುಲೈ ಎರಡನೇ ವಾರಕ್ಕೆ ಮೇಲಿನ ಮೂಲೆ ಸ್ವಲ್ಪ ಎದ್ದಿತ್ತು. ಬೆರಳು ಹಾಕಿ ಎಳೆದೆ, ಒದ್ದೆ ಹಪ್ಪಳದ ಹಾಗೆ ಪೂರ್ತಿ ಕೈಗೇ ಬಂತು. ಹಿಂದೆ ಗೋಡೆ ತುಂಬ ಕರೀ ಚುಕ್ಕೆ, ಹಳೇ ಗೋಣಿಚೀಲದ ವಾಸನೆ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣುಗೋಡೆಯ ಹೊರಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು ಅಲ್ವಾ, ಅದು ಯಾಕೆ ಅಂತ ಆವತ್ತು ನೆನಪಾಯಿತು. ಒಳಗಿನಿಂದ ಏನು ಬಳಿದರೂ ಪ್ರಯೋಜನವಿಲ್ಲ. ಮಳೆ ನಿಂತಮೇಲೆ ಹೊರಗೋಡೆಯ ಬಿರುಕು ಮುಚ್ಚಿಸಿ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆವು. ಗೋಡೆ ಒಣಗಲು ಬಿಟ್ಟು ಫೆಬ್ರವರಿಯಲ್ಲಿ ಒಳಗೆ ಬಣ್ಣ.

ಕಪಾಟಿನ ಕತೆಯೂ ಅದೇ. ಪಕ್ಕದ ಮನೆಯಾಕೆ ಮೊದಲೇ ಹೇಳಿದ್ದರು, "ಗೋಡೆಗೆ ಅಂಟಿಸಿ ಇಡಬೇಡ್ರೀ, ಕೈ ಹೋಗುವಷ್ಟು ಜಾಗ ಬಿಡಿ" ಅಂತ. ಚಂದ ಕಾಣಲ್ಲ ಅಂತ ಬಿಡಲಿಲ್ಲ. ಹಿಂದಿನ ಹಲಗೆಗೆ ಬೂಸ್ಟು ಬಂದು, ಒಳಗಿದ್ದ ರೇಷ್ಮೆ ಸೀರೆವರೆಗೂ ಮುಟ್ಟಿತು. ಈಗ ಮೂರು ಇಂಚು ಬಿಟ್ಟಿದ್ದೇನೆ. ಒಳಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡುತ್ತೇನೆ. ಆಗಾಗ ಅದರಲ್ಲಿ ನಿಂತ ನೀರು ಚೆಲ್ಲುವಾಗ, ಇಷ್ಟೂ ನನ್ನ ಸೀರೆ ಕುಡಿಯಬೇಕಿದ್ದ ನೀರು ಅನಿಸುತ್ತದೆ.

ಹೊಸ ಕಪಾಟು ಮಾಡಿಸುವವರಿಗೆ ಒಂದು ಮಾತು. ಪ್ಲೈವುಡ್ಡಿನಲ್ಲಿ ಎಂಆರ್ ಅಂತ ಬರುತ್ತದೆ, ತೇವ ತಡೆಯುತ್ತದೆ ಅಂತ ಹೆಸರು. ನಿಜವಾಗಿ ನೀರಿಗೆ ಆಗುವುದಲ್ಲ. ಅಡುಗೆಮನೆ ಸಿಂಕಿನ ಕೆಳಗಾದರೂ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಡೆಯುವ ಪ್ಲೈವುಡ್ಡು), ಅಂದರೆ ಐಎಸ್ 710 ಮುದ್ರೆ ಇರುವುದನ್ನೇ ಕೇಳಿ, ಹಲಗೆ ಮೇಲೆ ಮುದ್ರೆ ಕಣ್ಣಾರೆ ನೋಡಿ. ದುಡ್ಡು ಜಾಸ್ತಿ, ಹೌದು. ಬಾಲ್ಕನಿಯ ಸ್ಟೀಲ್ ಕಂಬಿ ಮೇಲೆ ಚಹಾ ಚೆಲ್ಲಿದಂಥ ಕಲೆ ಬಂದಾಗ ಮೋಸ ಹೋದೆ ಅಂದುಕೊಂಡಿದ್ದೆ. ಮೋಸ ಅಲ್ಲ, ಅದು 304 ದರ್ಜೆಯ ಸ್ಟೀಲು, ಉಪ್ಪು ಗಾಳಿಗೆ ಹಾಗೇ ಆಗುತ್ತದೆ. ಸಮುದ್ರದ ಹತ್ತಿರ 316 ವಾಸಿ, ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ. ನಾನೇನೂ ಬದಲಾಯಿಸಲಿಲ್ಲ, ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸುತ್ತೇನೆ, ನಡೀತಾ ಇದೆ.

ವಾಲ್‌ಪೇಪರ್ ಹೋದ ಗೋಡೆ ಈಗ ಬರೀ ಬಿಳಿ. ಅದರ ಸುತ್ತ ಕೆಂಪು ಬಣ್ಣದಲ್ಲಿ ಒಂದು ಅಂಚು ಬರೆದೆ. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ ಬೆಳೆದವಳು ನಾನು, ಆ ಬಿಳಿ ಕೆಂಪು ಜೋಡಿ ಕಣ್ಣಿನಿಂದ ಹೋಗಿಲ್ಲ. ನನ್ನದು ಕಾವಿ ಕಲೆ ಅಂತ ಹೇಳಿಕೊಳ್ಳುವಂತಿಲ್ಲ ಬಿಡಿ. ಅಸಲಿಯಲ್ಲಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ತೆಗೆಯುತ್ತಾರೆ. ನಾನು ಡಬ್ಬಿ ಬಣ್ಣದಲ್ಲಿ ಬ್ರಷ್ ಎಳೆದಿದ್ದು. ಬಂದವರು ಮಾತ್ರ ಮೊದಲು ಅದನ್ನೇ ನೋಡುತ್ತಾರೆ.

ನನ್ನ ಸೀಮೆಸುಣ್ಣದ ಪ್ಲಾನಿನಲ್ಲಿ ಒಂದೇ ಒಂದಕ್ಕೆ ಜಾಗ ಇರಲಿಲ್ಲ, ಒದ್ದೆ ಬಟ್ಟೆಗೆ. ಊರಲ್ಲಿ ಬಚ್ಚಲ ಒಲೆಯ ಬಿಸಿಗೆ ಒಣಗುತ್ತಿತ್ತು, ಆ ಯೋಚನೆಯೇ ಬಂದಿರಲಿಲ್ಲ. ಗಿಡದ ಕುಂಡ, ದೊಡ್ಡ ದೀಪ ಅಂತ ಹಾಲ್‌ನಲ್ಲಿ ಬಿಟ್ಟಿದ್ದ ಮೂಲೆಯಿಂದ ಫ್ಯಾನಿನ ಕೆಳಗೆ ಹಾದು ಹೋಗುವಂತೆ ಈಗ ಹಗ್ಗ ಕಟ್ಟಿದ್ದೇವೆ. ಜೂನ್‌ನಿಂದ ಗಣೇಶ ಚೌತಿವರೆಗೆ ನೆಂಟರು ಬಂದರೆ ಮಾವನವರ ಪಂಚೆಯ ಕೆಳಗೆ ತಲೆ ಬಗ್ಗಿಸಿಯೇ ಸೋಫಾಕ್ಕೆ ಹೋಗಬೇಕು.