ಬಂಗಾರದ ಗಟ್ಟಿ ಯಾರದು? ಒಂದು ಅಪೀಲಿನ ಅನುಭವ

ಕದ್ದ ಸರ ಕೊಂಡು ಕರಗಿಸಿದ ಅಂತ ಒಬ್ಬ ಅಕ್ಕಸಾಲಿಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯಾಗಿತ್ತು. ಆಗಿನ ದಂಡ ಸಂಹಿತೆ ಐಪಿಸಿಯ 411ನೇ ಕಲಂ, ಅಂದರೆ ಕದ್ದ ಮಾಲನ್ನು ತಿಳಿದೂ ಪಡೆದ ಅಪರಾಧ. ಜಾಮೀನಿನ ಮೇಲಿದ್ದವರಿಗೆ 3 ವರ್ಷ ಮೀರದ ಶಿಕ್ಷೆಯಾದರೆ, ಅಪೀಲು ಹಾಕುವ ತನಕ ಅದೇ ಮ್ಯಾಜಿಸ್ಟ್ರೇಟರು ಶಿಕ್ಷೆ ತಡೆಹಿಡಿಯಬಹುದು. ಹಾಗಾಗಿ ಅವರು ಜೈಲಿಗೆ ಹೋಗಿರಲಿಲ್ಲ. ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಗಡುವು.

ಅಪೀಲಿನಲ್ಲಿ ಅವರ ಪರ ವಕಾಲತ್ತು ನನ್ನದು. ಅಪೀಲಿನ ಕಡತ ಬಂದರೆ ನಾನು ತೀರ್ಪನ್ನು ಕೊನೆಗೆ ಓದುತ್ತೇನೆ. ಮೊದಲು ಸಾಕ್ಷಿಗಳ ಹೇಳಿಕೆ, ಮಹಜರು, ಆರೋಪಿಯ 313ರ ಹೇಳಿಕೆ (ತನ್ನ ವಿರುದ್ಧದ ಸಾಕ್ಷ್ಯದ ಬಗ್ಗೆ ಕೋರ್ಟು ಕೇಳುವ ಪ್ರಶ್ನೆಗಳಿಗೆ ಅವನು ಕೊಡುವ ಉತ್ತರ). ತೀರ್ಪು ಮೊದಲು ಓದಿದರೆ ಸಾಕ್ಷ್ಯದಲ್ಲಿ ಇಲ್ಲದ್ದೂ ಇದ್ದಂತೆ ಕಾಣುತ್ತದೆ.

ಫಿರ್ಯಾದಿ ಕಳೆದುಕೊಂಡದ್ದು ಎರಡೆಳೆ ಸರ. ಅಂಗಡಿಯಲ್ಲಿ ಜಪ್ತಿಯಾದದ್ದು ಒಂದು ಗಟ್ಟಿ. ಕೋರ್ಟಿನಲ್ಲಿ ಆಕೆ ಅದನ್ನು ನೋಡಿ "ಇದು ನನ್ನದೇ" ಎಂದರು. ಪಾಟೀ ಸವಾಲಿನಲ್ಲಿ, ಠಾಣೆಯಲ್ಲಿ ಪೊಲೀಸರೇ ಹಾಗೆ ಹೇಳಿದರು ಎಂದು ಒಪ್ಪಿಕೊಂಡಿದ್ದರು. ಆಕೆ ಸುಳ್ಳು ಹೇಳಿದರು ಅಂತ ನಾನು ವಾದಿಸಲೇ ಇಲ್ಲ. ಸರ ಹೋದದ್ದು ನಿಜ, ಆ ನೋವೂ ನಿಜ. ಆದರೆ ಕರಗಿದ ಬಂಗಾರಕ್ಕೆ ಗುರುತು ಎಲ್ಲಿಂದ ಬರಬೇಕು? ತೂಕ ತಾಳೆಯಾಗಿರಲಿಲ್ಲ. ಶುದ್ಧತೆಯ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಜಪ್ತಿಯ ಮಹಜರಿಗೆ ಸಾಕ್ಷಿಯಾದ ಒಬ್ಬ ಪಂಚ, ಠಾಣೆಯಲ್ಲಿ ಸಹಿ ಹಾಕಿದೆ ಎಂದಿದ್ದ. ಇನ್ನೊಬ್ಬನನ್ನು ವಿಚಾರಣೆಗೇ ಕರೆಸಿರಲಿಲ್ಲ.

ಮುಖ್ಯ ಕೊರತೆ ಬೇರೆಯೇ ಇತ್ತು. ಮಾಲು ಕದ್ದದ್ದು ಅಂತ ಅಕ್ಕಸಾಲಿಗೆ ಗೊತ್ತಿತ್ತು ಎನ್ನುವುದಕ್ಕೆ ಆಧಾರ ಒಂದೇ: ಕಳ್ಳ ಪೊಲೀಸರ ಮುಂದೆ ಕೊಟ್ಟ ಸ್ವಇಚ್ಛಾ ಹೇಳಿಕೆಯ "ವಿಷಯ ಹೇಳಿಯೇ ಮಾರಿದೆ" ಎಂಬ ಸಾಲು. ವಿಚಾರಣೆಯಲ್ಲಿ ಇಡೀ ಹೇಳಿಕೆಗೇ ನಿಶಾನೆ ಹಾಕಿದ್ದರು, ಅಂದರೆ ಸಾಕ್ಷ್ಯವಾಗಿ ಗುರುತಿಸಿ ದಾಖಲಿಸಿದ್ದರು, ಯಾರೂ ತಕರಾರು ತೆಗೆದಿರಲಿಲ್ಲ. ಆಗಿನ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ. 27ನೇ ಕಲಂ ಒಳಗೆ ಬಿಡುವುದು ವಸ್ತು ಪತ್ತೆಗೆ ನೇರವಾಗಿ ಕಾರಣವಾದ ಭಾಗವನ್ನು ಮಾತ್ರ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಅಪೀಲು ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಇದನ್ನು ಬಿಡಿಸಿ ಹೇಳಿತ್ತು. ಅಂಗಡಿ ತೋರಿಸುತ್ತೇನೆ ಎಂದ ಮಾತು ಉಳಿಯಲಿ, ಆ ಸಾಲು ತೆಗೆದಿಡಿ ಎಂದು ಕೇಳಿದೆ. ತೆಗೆದಿಟ್ಟರೆ ಅರಿವಿನ ಬಗ್ಗೆ ಕಡತದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಸರ್ಕಾರಿ ಅಭಿಯೋಜಕರು 114ನೇ ಕಲಮಿನ ಊಹೆ ಹಿಡಿದರು. ಕಳವಾದ ಸ್ವಲ್ಪ ಸಮಯದಲ್ಲೇ ಮಾಲು ಸಿಕ್ಕಿ, ಲೆಕ್ಕ ಕೊಡದಿದ್ದರೆ, ಇಟ್ಟುಕೊಂಡವನು ಕಳ್ಳ ಇಲ್ಲವೇ ಕದ್ದದ್ದೆಂದು ತಿಳಿದೇ ಪಡೆದವನು ಎಂಬುದು ಆ ಊಹೆ. ಇಲ್ಲಿ ತಿಂಗಳುಗಳೇ ಕಳೆದಿದ್ದವು. ಅದೇ ಮಾಲು ಅಂತಲೇ ಸಾಬೀತಾಗದಿದ್ದಾಗ ಊಹೆ ನಿಲ್ಲುವುದೆಲ್ಲಿ? ಬಿಲ್ ಇರಲಿಲ್ಲ ಎಂಬ ವಾದವೂ ಬಂತು. ಆ ಪ್ರಶ್ನೆಯನ್ನು 313ರಲ್ಲಿ ಕೇಳಿರಲಿಲ್ಲ. ಗಿರಾಕಿಗಳ ಹಳೆ ಬಂಗಾರ ಕರಗಿಸಿದ್ದು ಅಂತ ಆತ ಹೇಳಿದ್ದನ್ನು ಯಾರೂ ಪರಿಶೀಲಿಸಿರಲೂ ಇಲ್ಲ. ಆರೋಪಿಗೆ ಉತ್ತರಿಸಲು ಅವಕಾಶ ಕೊಡದ ಸಂಗತಿಯನ್ನು ಅವನ ವಿರುದ್ಧ ಬಳಸುವುದು ಅನ್ಯಾಯ ಅಲ್ವಾ?

ನಾನು ಹೆಚ್ಚು ನೆಚ್ಚಿಕೊಂಡದ್ದು ತ್ರಿಂಬಕ್ ಪ್ರಕರಣದ 1953ರ ಸುಪ್ರೀಂ ಕೋರ್ಟ್ ತೀರ್ಪನ್ನು. ಕದ್ದ ಮಾಲು ಆರೋಪಿಯ ವಶದಲ್ಲಿತ್ತು, ಅದಕ್ಕೂ ಮೊದಲು ಬೇರೆಯವರ ವಶದಲ್ಲಿತ್ತು, ಕದ್ದದ್ದು ಅಂತ ಅವನಿಗೆ ಗೊತ್ತಿತ್ತು: ಮೂರನ್ನೂ ಪ್ರಾಸಿಕ್ಯೂಷನ್ನೇ ಸಾಬೀತು ಮಾಡಬೇಕು. ಸೆಷನ್ಸ್ ನ್ಯಾಯಾಧೀಶರು ಗುರುತು ಮತ್ತು ಅರಿವು, ಈ ಎರಡರಲ್ಲೂ ಕೊರತೆ ಕಂಡು ಶಿಕ್ಷೆ ರದ್ದು ಮಾಡಿದರು. ಕಟ್ಟಿದ ದಂಡ ವಾಪಸ್ ಬಂತು. ಬಿಟ್ಟುಹೋದ ಗಿರಾಕಿಗಳು ಬರಲಿಲ್ಲ.

ಈಗ 411ರ ಬದಲು ಭಾರತೀಯ ನ್ಯಾಯ ಸಂಹಿತೆಯ 317(2) ಇದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 25 ಮತ್ತು 27 ಸೇರಿ 23ನೇ ಕಲಂ ಆಗಿವೆ, 114 ಹೋಗಿ 119 ಬಂದಿದೆ. ಸ್ವಇಚ್ಛಾ ಹೇಳಿಕೆಗೆ ಪೂರ್ತಿ ನಿಶಾನೆ ಹಾಕಲು ಹೊರಟಾಗ ಅಲ್ಲೇ ಎದ್ದು ನಿಂತು ತಕರಾರು ದಾಖಲಿಸಿ. ಅಪೀಲಿನ ತನಕ ಕಾಯಬೇಡಿ.