ಅಪೌಷ್ಟಿಕ ಮಕ್ಕಳಿಗೆ ಮನೆಯಲ್ಲೇ ಚಿಕಿತ್ಸೆ: ಕಾರ್ಯಕ್ರಮ ನಡೆಸುವ ಬಗೆ

ತೀವ್ರ ಅಪೌಷ್ಟಿಕತೆಯ ಮಕ್ಕಳನ್ನೆಲ್ಲ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಿಲ್ಲ, ಬೇರೆ ತೊಡಕಿಲ್ಲದವರು ಮನೆಯಲ್ಲೇ ಚೇತರಿಸಿಕೊಳ್ಳಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದ ಸಂಸ್ಥೆಗಳು 2007ರಲ್ಲಿ ಜಂಟಿಯಾಗಿ ಸಾರಿದವು. ಇಂಥ ಕಾರ್ಯಕ್ರಮದ ಯಶಸ್ಸು ಔಷಧದ ದಾಸ್ತಾನಿಗಿಂತ ಹೆಚ್ಚಾಗಿ ಮಕ್ಕಳನ್ನು ಬೇಗ ಗುರುತಿಸುವುದರಲ್ಲಿದೆ.

ಆದ್ದರಿಂದ ಕೆಲಸ ಮನೆ ಬಾಗಿಲಿನಿಂದಲೇ ಶುರುವಾಗಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡಗೈಯನ್ನು ಮಡಿಸಿ, ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಬಿಂದುವನ್ನು ಗುರುತು ಹಾಕಿಕೊಂಡು, ಬಳಿಕ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಅಲ್ಲಿ ಅಳತೆಪಟ್ಟಿ ಸುತ್ತಬೇಕು. ಪಟ್ಟಿ ಚರ್ಮವನ್ನು ಒತ್ತಲೂಬಾರದು, ಸಡಿಲವಾಗಿ ಜೋಲಲೂಬಾರದು. ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. 115ರಿಂದ 125ರೊಳಗಿದ್ದರೆ ಮಧ್ಯಮ. ಕೈ ಅಳೆದರಷ್ಟೇ ಸಾಲದು: ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಎರಡರಲ್ಲೂ ಗುಳಿ ಉಳಿದರೆ, ಸುತ್ತಳತೆ ಎಷ್ಟೇ ಇರಲಿ, ಅದು ತೀವ್ರ ಸ್ಥಿತಿಯೇ. ಊದಿಕೊಂಡ ಮಗು ಮೈತುಂಬಿಕೊಂಡಂತೆ ಕಾಣುವುದರಿಂದ ಈ ಲಕ್ಷಣ ಸುಲಭವಾಗಿ ಕಣ್ತಪ್ಪುತ್ತದೆ. ತಾಯಂದಿರಿಗೇ ಪಟ್ಟಿ ಕೊಟ್ಟು ಅಳೆಯುವುದನ್ನು ಕಲಿಸಿದರೆ ಹೊಸ ಪ್ರಕರಣಗಳು ಬೇಗ ತಿಳಿಯುತ್ತವೆ.

ಕೇಂದ್ರಕ್ಕೆ ಬಂದ ಮಗುವಿಗೆ ಹಸಿವಿದೆಯೇ ಎಂಬುದನ್ನು ಮೊದಲು ನೋಡಬೇಕು. ಗದ್ದಲವಿಲ್ಲದ ಜಾಗದಲ್ಲಿ ತಾಯಿಯ ಮಡಿಲಲ್ಲಿ ಕೂರಿಸಿ, ಸಿದ್ಧ ಚಿಕಿತ್ಸಕ ಆಹಾರವನ್ನು (ಪೊಟ್ಟಣದಲ್ಲಿ ಬರುವ, ಪೋಷಕಾಂಶ ತುಂಬಿದ ಮೆತ್ತನೆಯ ಪೇಸ್ಟ್) ಬಲವಂತ ಮಾಡದೆ ತಿನ್ನಿಸಿ, ನಡುನಡುವೆ ಶುದ್ಧ ನೀರು ಕುಡಿಸಬೇಕು. ಮಗು ತಿನ್ನಲೊಲ್ಲದಿದ್ದರೆ, ವಿಪರೀತ ಜ್ವರ, ನಿಲ್ಲದ ವಾಂತಿ ಅಥವಾ ಮಂಪರು ಇದ್ದರೆ, ಇಲ್ಲವೇ ಮೈ ತಣ್ಣಗಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಆರು ತಿಂಗಳೊಳಗಿನ ಶಿಶುಗಳಿಗೆ ಈ ಆಹಾರ ಸಲ್ಲದು. ಅವರ ಆರೈಕೆಯ ಕ್ರಮವೇ ಬೇರೆ.

ಉಳಿದವರಿಗೆ ತೂಕಕ್ಕೆ ತಕ್ಕಂತೆ ಪೊಟ್ಟಣಗಳನ್ನು ಕೊಟ್ಟು ಮನೆಗೆ ಕಳುಹಿಸಬಹುದು. 92 ಗ್ರಾಂನ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೊಕ್ಯಾಲರಿ ಇರುತ್ತದೆ. ಆರು ಕಿಲೋ ತೂಕದ ಮಗುವಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಬೇಕಾಗುತ್ತವೆ. ಇದನ್ನು ನೀರಿಗೆ ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ. ತೇವಾಂಶ ತೀರಾ ಕಡಿಮೆಯಿರುವುದರಿಂದ ರೋಗಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. ಮನೆಯಲ್ಲೇ ಚಿಕಿತ್ಸೆ ಸಾಧ್ಯವಾದದ್ದು ಮುಖ್ಯವಾಗಿ ಇದರಿಂದಲೇ. ಎದೆಹಾಲು ಕುಡಿಯುವ ಮಗುವಿಗೆ ಮೊದಲು ಹಾಲು, ಆಮೇಲೆ ಪೊಟ್ಟಣ ಎಂದು ತಾಯಿಗೆ ತಿಳಿಸಬೇಕು. ಅದು ಆ ಮಗುವಿನ ಔಷಧ, ಒಡಹುಟ್ಟಿದವರಿಗೆ ಹಂಚುವಂಥದ್ದಲ್ಲ ಎಂಬುದನ್ನು ಗದರದೆ ಮನವರಿಕೆ ಮಾಡಿಕೊಡಬೇಕು. ಮನೆಯಲ್ಲಿ ಎಲ್ಲರೂ ಹಸಿದಿರುವಾಗ ಹಂಚಿಕೊಳ್ಳುವುದು ಸಹಜವೇ ಆದ್ದರಿಂದ, ಆ ಕುಟುಂಬಕ್ಕೆ ಬೇರೆ ಆಹಾರ ನೆರವು ಸಿಗುವಂತೆ ನೋಡಿಕೊಳ್ಳುವುದು ಬುದ್ಧಿವಾದಕ್ಕಿಂತ ಮೇಲು. ವಾಡಿಕೆಯ ಪ್ರತಿಜೀವಕ, ಜಂತುಹುಳು ಔಷಧ ಮತ್ತು ದಡಾರ ಲಸಿಕೆಯನ್ನು ಆರೋಗ್ಯ ಸಿಬ್ಬಂದಿ ನಿಯಮದಂತೆ ಕೊಡುತ್ತಾರೆ.

ವಾರಕ್ಕೊಮ್ಮೆ ತೂಕ, ಸುತ್ತಳತೆ, ಊತವನ್ನು ನೋಡಿ ದಾಖಲಿಸಬೇಕು. ಮಗು ಒಂದು ವಾರ ಬಾರದಿದ್ದರೂ ಕಾರ್ಯಕರ್ತೆ ಮನೆಗೆ ಹೋಗಿ ಕಾರಣ ವಿಚಾರಿಸಬೇಕು. ದೂರ, ಕೂಲಿ ತಪ್ಪುವ ಭಯ, ಕೇಂದ್ರದಲ್ಲಿ ಕಾದು ಕೂರುವ ಬೇಸರ, ಇವುಗಳಲ್ಲಿ ಯಾವುದು ಅಡ್ಡಿಯೆಂದು ತಿಳಿದರೆ ಕೇಂದ್ರದ ದಿನವನ್ನೋ ಜಾಗವನ್ನೋ ಬದಲಿಸಬಹುದು. ಸುತ್ತಳತೆಯ ಆಧಾರದ ಮೇಲೆ ಸೇರಿಸಿಕೊಂಡ ಮಗುವಿನ ಅಳತೆ 125 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿ, ಕನಿಷ್ಠ ಎರಡು ವಾರ ಊತವಿಲ್ಲದಿದ್ದರೆ ಚಿಕಿತ್ಸೆ ನಿಲ್ಲಿಸಬಹುದು. ಆದರೂ ಮತ್ತೆ ಸೊರಗುವ ಸಾಧ್ಯತೆ ಇರುವುದರಿಂದ ಅಳತೆಪಟ್ಟಿ ತಾಯಿಯ ಬಳಿಯೇ ಉಳಿಯಲಿ.