ಮನೆಯಲ್ಲೇ ಐ.ವಿ. ಆಂಟಿಬಯಾಟಿಕ್: ಮಾಡುವುದು ಹೇಗೆ?

ನಮ್ಮ ನಡುಮನೆಯಲ್ಲಿ ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಗೆ ಆರು ವಾರ ಸಲೈನ್ ಬಾಟಲಿ ತೂಗಿತು. ಸಕ್ಕರೆ ಕಾಯಿಲೆಯ ಮಾವನವರ ಕಾಲಿನ ಹುಣ್ಣು ಒಳಗಿಳಿದು ಬೆರಳಿನ ಮೂಳೆಯನ್ನು ಮುಟ್ಟಿತ್ತು. ಮೂಳೆಯ ಸೋಂಕು ವಾರಗಟ್ಟಲೆ ಔಷಧಿ ಬೇಡುತ್ತದೆ. ಜ್ವರ ಇಳಿದು, ಊಟ ಸೇರತೊಡಗಿದ ಮನುಷ್ಯ ದಿನಕ್ಕೆ ಅರ್ಧ ಗಂಟೆಯ ಡ್ರಿಪ್‌ಗಾಗಿ 42 ದಿನ ವಾರ್ಡಿನಲ್ಲಿ ಮಲಗಿರಬೇಕೆ?

ಬೇಕಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ, ಶ್ವಾಸಕೋಶವನ್ನು ಕಾಡುವ ಹುಟ್ಟು ಕಾಯಿಲೆ ಇದ್ದ ಮಕ್ಕಳಿಗೆ ಆಸ್ಪತ್ರೆಯ ಹೊರಗೆ ರಕ್ತನಾಳದ ಮೂಲಕ (ಐ.ವಿ.) ಔಷಧಿ ಕೊಟ್ಟ ಅನುಭವವನ್ನು ಅಮೆರಿಕದ ವೈದ್ಯರು 1974ರಲ್ಲೇ ಪ್ರಕಟಿಸಿದ್ದರು. ಆದರೆ ಔಷಧಿಯ ಚೀಲ ಹಿಡಿದು ಮನೆಗೆ ಬಂದರೆ ಆಯಿತು ಎಂದುಕೊಳ್ಳಬೇಡಿ. ವೈದ್ಯರ ಒಪ್ಪಿಗೆ, ನರ್ಸ್ ಕೊಡುವ ತರಬೇತಿ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್, ಈ ಮೂರೂ ಇಲ್ಲದೆ ಆರಂಭಿಸಲೇಬೇಡಿ.

ಸೂಜಿಯೇ ಬೇಕೆ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಇಂಜೆಕ್ಷನ್ ಎಂದರೆ ಹೆಚ್ಚು ಶಕ್ತಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬ್ರಿಟನ್ನಿನಲ್ಲಿ ಮೂಳೆ ಮತ್ತು ಕೀಲುಗಳ ಸೋಂಕಿದ್ದ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಆರು ವಾರ ಸರಿಯಾಗಿ ಆರಿಸಿದ ಮಾತ್ರೆಗಳು ಇಂಜೆಕ್ಷನ್‌ಗೆ ಕಡಿಮೆಯಾಗಲಿಲ್ಲ. ಹಾಗಾಗಿ ಯಾವ ಸೂಕ್ಷ್ಮಾಣು, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಹೇಳುವ ಕಲ್ಚರ್ ವರದಿ ಮುಂದಿಟ್ಟು ‘ಮಾತ್ರೆ ಸಾಲದೆ, ಡಾಕ್ಟರೇ?’ ಎಂದು ಕೇಳಲು ಸಂಕೋಚಪಡಬೇಡಿ. ಮಾವನವರಿಗೆ ಹೊಂದುವ ಮಾತ್ರೆ ಇರಲಿಲ್ಲ.

ಔಷಧಿ, ನಳಿಕೆ

ಮನೆಗೆ ಒಗ್ಗುವುದು ದಿನಕ್ಕೊಮ್ಮೆ ಕೊಡುವ ಔಷಧಿ. ಸೆಫ್ಟ್ರಿಯಾಕ್ಸೋನ್, ಅರ್ಟಾಪೆನೆಮ್ ಅಂಥವು. ಎಂಟು ಗಂಟೆಗೊಮ್ಮೆ ಕೊಡಬೇಕಾದದ್ದು ಮನೆಯವರ ನಿದ್ದೆಯನ್ನೂ ಕಿತ್ತುಕೊಳ್ಳುತ್ತದೆ, ಒಂದಲ್ಲ ಒಂದು ದಿನ ತಪ್ಪಿಯೂ ಹೋಗುತ್ತದೆ. ಮೊದಲ ಡೋಸ್ ಮಾತ್ರ ಆಸ್ಪತ್ರೆಯಲ್ಲೇ ಆಗಲಿ. ತೀವ್ರ ಅಲರ್ಜಿ ಕಾಣಿಸಿಕೊಂಡರೆ ಅದಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಅಲ್ಲಿ ಕೈಗೆಟುಕುವಂತಿರುತ್ತದೆ.

ಕೆಲವೇ ದಿನಗಳಿಗಾದರೆ ಕೈಗೆ ಚುಚ್ಚುವ ಸಾಮಾನ್ಯ ಕ್ಯಾನುಲಾ ಸಾಕು. ವಾರಗಳ ಮಾತಾದರೆ ಪಿಕ್ ಲೈನ್ ಹಾಕುತ್ತಾರೆ. ತೋಳಿನ ಮೇಲ್ಭಾಗದ ರಕ್ತನಾಳದಲ್ಲಿ ಒಳಹೊಕ್ಕ ತೆಳು ನಳಿಕೆಯ ತುದಿ ಹೃದಯದ ಬಳಿಯ ದೊಡ್ಡ ರಕ್ತನಾಳದಲ್ಲಿ ಕುಳಿತಿರುತ್ತದೆ. ಆ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಕೂಡದು, ಅದರಿಂದ ಭಾರ ಎತ್ತಕೂಡದು. ಅಡಿಕೆ ಮೂಟೆಯ ಕಡೆ ಕೈ ಹೋಗುವಾಗಲೆಲ್ಲ ಮಾವನವರಿಗೆ ಇದನ್ನು ನೆನಪಿಸಬೇಕಾಗುತ್ತಿತ್ತು.

ಡೋಸ್ ಕೊಡುವಾಗ

ನರ್ಸ್ ಎದುರಿಗೆ ಮೂರು ದಿನ ನಾನೇ ಮಾಡಿ ತೋರಿಸಿದ ಮೇಲೆ ಅವರು ನನ್ನ ಕೈಗೆ ಬಿಟ್ಟರು. ಫ್ಯಾನ್ ಆರಿಸಿ, ಮೇಜು ಒರೆಸಿ, ಸಾಮಾನುಗಳನ್ನೆಲ್ಲ ಜೋಡಿಸಿಟ್ಟುಕೊಂಡ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ವಯಲ್ (ಔಷಧಿಯ ಪುಟ್ಟ ಶೀಶೆ) ಮೇಲಿನ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕವನ್ನು ಜೋರಾಗಿ ಓದಿ. ಸಲೈನ್ ಬಾಟಲಿಯ ಚೀಟಿಯನ್ನೂ ಓದಿ: ಕ್ಯಾಲ್ಸಿಯಂ ಇರುವ ಆರ್.ಎಲ್. (ರಿಂಗರ್ ಲ್ಯಾಕ್ಟೇಟ್) ಬಾಟಲಿಯೂ ನೋಡಲು ಹಾಗೇ ಇರುತ್ತದೆ, ಸೆಫ್ಟ್ರಿಯಾಕ್ಸೋನನ್ನು ಅದರಲ್ಲಿ ಬೆರೆಸುವಂತಿಲ್ಲ.

ಇನ್ನು ನಳಿಕೆಯ ಬಾಯಿ. ಕಡಲೆ ಕಾಳಿನಷ್ಟು ಅಗಲದ ಆ ಜಾಗದಲ್ಲಿ ಕೂತ ಸೂಕ್ಷ್ಮಾಣು ನೇರ ರಕ್ತಕ್ಕೆ ಸೇರುತ್ತದೆ. ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡು, ನಿಂಬೆಹಣ್ಣು ಹಿಂಡುವವರ ಹಾಗೆ ತಿರುಗಿಸಿ ತಿರುಗಿಸಿ ಉಜ್ಜಿ. ಬಳಿಕ ತಾನಾಗಿ ಒಣಗಲು ಬಿಡಿ. ಊದಬೇಡಿ, ಸೆರಗಿಗೆ ತಗುಲಿಸಬೇಡಿ, ತಗುಲಿದರೆ ಮತ್ತೆ ಮೊದಲಿನಿಂದ ಉಜ್ಜಿ. ಒಂದು ದಿನ ಬದಲಿಗೆ ಬಂದಿದ್ದ ಸಹಾಯಕಿ ಉಜ್ಜದೆಯೇ ಸಿರಿಂಜ್ ತಿರುಗಿಸಲು ಹೊರಟಾಗ ನಾನು ಕೈ ಅಡ್ಡ ಹಿಡಿದೆ. ಅವರಿಗೆ ಬೇಸರವಾಯಿತು. ಆದರೂ ಅಡ್ಡ ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀವೂ ಹಿಡಿಯಿರಿ.

ಆಮೇಲೆ 10 ಮಿಲಿ ಸಿರಿಂಜ್‌ನಲ್ಲಿ ಸಲೈನ್. ಪಿಕ್ ಲೈನಿಗೆ ಸಣ್ಣ ಸಿರಿಂಜ್ ಬೇಡ, ಅದರ ಒತ್ತಡಕ್ಕೆ ನಳಿಕೆ ಒಡೆಯಬಹುದು. ಗಾಳಿ ಹೊರಗೆ ಹಾಕಿ, ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ. ಬಿಗಿ ಎನಿಸಿದರೆ ಬಲ ಪ್ರಯೋಗಿಸದೆ ನರ್ಸ್‌ಗೆ ಫೋನ್ ಮಾಡಿ. ಸರಾಗವಾಗಿ ಹೋದರೆ ಡ್ರಿಪ್ ಸೆಟ್‌ನಲ್ಲಿ ಗಾಳಿ ಉಳಿಯದಂತೆ ನೋಡಿಕೊಂಡು ಜೋಡಿಸಿ. ಸೆಟ್ ಮೇಲೆ ಮಿಲಿಗೆ 20 ಹನಿ ಎಂದಿದ್ದರೆ, 100 ಮಿಲಿ ಅರ್ಧ ಗಂಟೆಯಲ್ಲಿ ಇಳಿಯಲು ನಿಮಿಷಕ್ಕೆ ಸುಮಾರು 67 ಹನಿ ಬೀಳಬೇಕು. 15 ಸೆಕೆಂಡಿಗೆ 17 ಎಂದು ಎಣಿಸಿಕೊಳ್ಳುವುದು ಸುಲಭ. ಮುಗಿದ ಮೇಲೆ ಮತ್ತೆ ಬಾಯಿ ಉಜ್ಜಿ, ಮತ್ತೆ ಸಲೈನ್ ಹಾಯಿಸಿ, ಕೊಟ್ಟ ಸಮಯವನ್ನು ಪುಸ್ತಕದಲ್ಲಿ ಬರೆಯಿರಿ.

ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡಿ, ಅಲ್ಲೇ ಬೆರಳು ಚುಚ್ಚಿಕೊಳ್ಳುವುದು. ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ, ತುಂಬಿದಾಗ ಆಸ್ಪತ್ರೆಗೆ ಒಪ್ಪಿಸಿ. ಪುರಸಭೆಯ ಕಸದ ಗಾಡಿಗೆ ಹಾಕಿದರೆ ಅದು ಪೌರಕಾರ್ಮಿಕರ ಅಂಗೈ ಸೇರುತ್ತದೆ.

ವಾರಕ್ಕೊಮ್ಮೆ

ಪಾರದರ್ಶಕ ಡ್ರೆಸ್ಸಿಂಗನ್ನು ವಾರಕ್ಕೊಮ್ಮೆ ನರ್ಸ್ ಬದಲಿಸಬೇಕು. ಒದ್ದೆಯಾದರೆ, ಅಂಚು ಎದ್ದರೆ ಅಂದೇ. ಸ್ನಾನಕ್ಕೆ ಮುಂಚೆ ತೋಳಿಗೆ ಪ್ಲಾಸ್ಟಿಕ್ ಸುತ್ತಿ, ತೋಳನ್ನು ನೀರಿಗೆ ಒಡ್ಡದಿರಿ. ರಕ್ತಕಣಗಳ ಎಣಿಕೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆಗಳೂ ಸಾಮಾನ್ಯವಾಗಿ ವಾರಕ್ಕೊಮ್ಮೆ ನಡೆಯುತ್ತವೆ. ‘ಆರಾಮಾಗಿದ್ದೇನೆ, ಯಾಕಮ್ಮ ಸುಮ್ಮನೆ ರಕ್ತ ತೆಗೆಸುತ್ತೀಯ?’ ಎನ್ನುತ್ತಿದ್ದರು ಮಾವನವರು. ಆದರೆ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಆರಂಭದಲ್ಲಿ ಗೊತ್ತಾಗುವುದು ರಕ್ತದಲ್ಲೇ, ಮೈಯಲ್ಲಿ ಅಲ್ಲ.

ಯಾವಾಗ ಓಡಬೇಕು?

ಉಸಿರು ಕಟ್ಟಿದರೆ, ತುಟಿ ಅಥವಾ ಮುಖ ಊದಿಕೊಂಡರೆ ಡ್ರಿಪ್ ನಿಲ್ಲಿಸಿ ತಕ್ಷಣ 108ಕ್ಕೆ ಕರೆ ಮಾಡಿ. ಲೈನಿನಲ್ಲಿ ಸಲೈನ್ ಹಾಯಿಸಿದ ಸ್ವಲ್ಪ ಹೊತ್ತಿಗೆ ನಡುಕ ಹುಟ್ಟಿ ಜ್ವರ ಬಂದರೆ ನಳಿಕೆಗೇ ಸೋಂಕು ತಗುಲಿರಬಹುದು. ಪ್ಯಾರಸಿಟಮಾಲ್ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ತೋಳು ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿದ್ದರೂ ಇರಬಹುದು, ಅಂದೇ ತೋರಿಸಬೇಕು. ಪದೇ ಪದೇ ನೀರಿನಂತೆ ಭೇದಿಯಾದರೂ ವೈದ್ಯರಿಗೆ ತಿಳಿಸಿ, ಅದು ಆಂಟಿಬಯಾಟಿಕ್‌ನಿಂದಲೇ ಆಗಿರಬಹುದು.

ಕೊನೆಯ ದಿನ

ಕೋರ್ಸ್ ಮುಗಿದ ಮೇಲೆ ‘ಮತ್ತೆ ಬೇಕಾದರೆ ಇರಲಿ’ ಎಂದು ಲೈನನ್ನು ಉಳಿಸಿಕೊಳ್ಳಬೇಡಿ, ಇದ್ದಷ್ಟು ದಿನವೂ ಅದು ಸೋಂಕಿಗೆ ದಾರಿ. ಮಾವನವರನ್ನು ಮಲಗಿಸಿ, ನರ್ಸ್ ನಿಧಾನವಾಗಿ ಎಳೆದು ತೆಗೆದರು. ಆ ಜಾಗವನ್ನು ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಬ್ಯಾಂಡೇಜ್ ಹಾಕಿದರು. ಆಮೇಲೆ ಹೊರಬಂದ ನಳಿಕೆಯನ್ನು ಟೇಪಿನ ಪಕ್ಕ ಇಟ್ಟು ಅಳೆದು, ಹಾಕಿದ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದ ಅಳತೆಗೆ ಹೋಲಿಸಿದರು. 40 ಸೆಂ.ಮೀ. ಹೋಗಿತ್ತು, 40 ಸೆಂ.ಮೀ. ಬಂದಿತ್ತು.